ಇನ್ನೂರ ಹನ್ನೆರಡನೆಯ ಪುಟ

ಮೊಂಬ್ರಾಕ್ ಊರಿನಲ್ಲಿ ಯಾರ ಮನೆಯಲ್ಲಾದರೂ ಮದುವೆ ಗೊತ್ತಾದರೆ ಮೊದಲು ಕೇಳುತ್ತಿದ್ದ ಮಾತು ಒಂದೇ: "ಆ ಶನಿವಾರ ಅನ್ಸೆಲ್ಮ್ ಊರಲ್ಲಿರ್ತಾನಾ?" ಇರುತ್ತಾನೆ ಎಂದರೆ ಹುಡುಗಿಯ ತಾಯಿ ತಲೆಯ ಮೇಲೆ ಕೈ ಹೊತ್ತು ಕೂರುತ್ತಿದ್ದಳು. "ಅವನ ಮುಂದೆ ನಿಂತು ಮದುವೆ ಆಗೋದಕ್ಕಿಂತ ಹಲ್ಲು ಕೀಳಿಸ್ಕೊಳ್ಳೋದು ವಾಸಿ ಕಣಮ್ಮ. ಹಲ್ಲು ಕೀಳೋನು ನೋವು ಗೊತ್ತಾಗದ ಹಾಗೆ ಒಂದು ಸೂಜಿನಾದ್ರೂ ಚುಚ್ತಾನೆ" ಎನ್ನುತ್ತಿದ್ದಳು ಅನ್ಸೆಲ್ಮನ ಎದುರು ಮನೆಯ ಬ್ರೆಡ್ಡಿನಂಗಡಿಯವಳು.

ತಪ್ಪಿಸಿಕೊಳ್ಳುವ ಹಾಗೂ ಇರಲಿಲ್ಲ. ಚರ್ಚಿನಲ್ಲಿ ಪಾದ್ರಿ ಎಷ್ಟೇ ಹರಸಲಿ, ಊರ ಕಚೇರಿಯಲ್ಲಿ ಮೇಯರ್ ಮೂರು ಬಣ್ಣದ ಪಟ್ಟಿಯನ್ನು ಹೆಗಲಿಂದ ಇಳಿಬಿಟ್ಟುಕೊಂಡು ಕೇಳಿ, ಇಬ್ಬರೂ ಹೂಂ ಅಂದರಷ್ಟೇ ಅದು ಮದುವೆ. ಅದೂ ಬಾಗಿಲು ಪೂರ್ತಿ ತೆರೆದಿಟ್ಟು; ತಕರಾರಿದ್ದವರು ಒಳಗೆ ಬಂದು ಹೇಳಲಿ ಅಂತ ಕಾನೂನು. ಇಪ್ಪತ್ನಾಲ್ಕು ವರ್ಷದಿಂದ ಮೊಂಬ್ರಾಕಿಗೆ ಮೇಯರ್ ಅಂದರೆ ಅನ್ಸೆಲ್ಮ್ ವಿದಾಲ್. ಅವನು ಸಮಾಜಶಾಸ್ತ್ರದ ಮೇಷ್ಟರೂ ಹೌದು. ಮದುವೆಗಳು ಯಾಕೆ ಮುರಿಯುತ್ತವೆ ಎನ್ನುವುದೇ ಅವನ ಓದು, ಅವನ ಅನ್ನ.

ಅವನು ಮೊಟ್ಟಮೊದಲು ಮಾಡಿಸಿದ್ದು ಮಾಂಸದಂಗಡಿಯ ಗಾಸ್ತೋನನ ಮದುವೆ. ಪಟ್ಟಿ ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು, "ನನ್ನ ಮುಂದೆ ನಿಂತಿರುವ ಹತ್ತು ಜೋಡಿಗಳಲ್ಲಿ ನಾಲ್ಕು ಮುರಿಯುತ್ತವೆ" ಎಂದು ಶುರುಮಾಡಿದ. ಮುಂದೆ ನಿಂತಿದ್ದದ್ದು ಒಂದೇ ಜೋಡಿ. ಮದುಮಗಳು ಗೊಳೋ ಎಂದು ಅತ್ತಳು. ಅವಳನ್ನು ಸಮಾಧಾನ ಮಾಡಲು ಅನ್ಸೆಲ್ಮ್ ಬಗ್ಗಿ, "ಅಳುವ ವಧುಗಳ ಲೆಕ್ಕ ಇನ್ನೂ ಯಾರೂ ತೆಗೆದಿಲ್ಲ, ಹೆದರಬೇಡಿ" ಎಂದನಂತೆ.

ಆದರೂ ಊರು ಅವನನ್ನೇ ಆರಿಸುತ್ತಿತ್ತು. ಚರಂಡಿ ಕಟ್ಟಿದರೆ ಅವನೇ ಬಂದು ನೋಡುತ್ತಿದ್ದ. ನಾಯಿ ತಪ್ಪಿಸಿಕೊಂಡರೆ ಅವನೇ ಹುಡುಕುತ್ತಿದ್ದ. ಒಂದು ಸಲ ಪ್ಯಾರಿಸ್ಸಿನ ಶಾಸನಸಭೆಗೂ ಕಳಿಸಿದರು. ಐದು ವರ್ಷದಲ್ಲಿ ಒಂದೇ ಒಂದು ದೊಡ್ಡ ಭಾಷಣ ಮಾಡಿದ, ಹನ್ನೊಂದು ಜನರ ಮುಂದೆ. ಅದರಲ್ಲಿ ನಾಲ್ವರು ನಿದ್ದೆಹೋಗಿದ್ದರು ಎಂದು ಅವನೇ ಬರೆದಿಟ್ಟುಕೊಂಡ. ಆ ಸಭೆಯ ಮುಂದಿನ ಚುನಾವಣೆಯಲ್ಲಿ ಸೋತಾಗ, ತನಗೆ ಓಟು ಹಾಕದವರು ಯಾಕೆ ಹಾಕಲಿಲ್ಲ ಎಂದು ಮೂವತ್ತು ಪುಟ ಬರೆದು ಮನೆಮನೆಗೆ ಹಂಚಿದ. ಅದನ್ನು ಓದಿದ ಮೇಲೆ ಹಾಕಿದ್ದವರಿಗೂ ಪಶ್ಚಾತ್ತಾಪವಾಯಿತು.

ಮುರಿದ ಮದುವೆಗಳ ಬಗ್ಗೆ ಅವನು ಬರೆದ ದೊಡ್ಡ ಪುಸ್ತಕ ಮಾತ್ರ ಊರಲ್ಲೆಲ್ಲ ಇತ್ತು. ಒಂದು ಪ್ರತಿ ಕಾಫಿ ಅಂಗಡಿಯ ಕುಂಟು ಮೇಜಿನ ಕಾಲಡಿ, ಒಂದು ಪ್ರತಿ ಬ್ರೆಡ್ಡಿನಂಗಡಿಯ ಬಾಗಿಲು ಮುಚ್ಚದಂತೆ ಒತ್ತು. ಓದಿದವರು ಯಾರೂ ಇಲ್ಲ ಎಂದೇ ಅವನು ನಂಬಿದ್ದ.

ಅನ್ಸೆಲ್ಮ್ ಮಾತ್ರ ಮದುವೆಯಾಗಿರಲಿಲ್ಲ. ತಾತ ಕಟ್ಟಿಸಿದ ಕಲ್ಲಿನ ಮನೆಯಲ್ಲಿ ಒಬ್ಬನೇ. ಮೆಟ್ಟಿಲ ಮೇಲೆಲ್ಲ ಟಿಪ್ಪಣಿ ಪುಸ್ತಕಗಳು. ಹಾಸಿಗೆಯಲ್ಲೂ ಅರ್ಧ ಕಾಗದದ ಕಂತೆಗೆ, ಅರ್ಧ ಅವನಿಗೆ. ಅರವತ್ತೆರಡನೆಯ ವಯಸ್ಸಿನವರೆಗೆ ಈ ಪಾಲು ಅವನಿಗೆ ಸರಿಯಾಗೇ ಇತ್ತು.

ಆಮೇಲೆ ಗುರುವಾರಗಳು ಶುರುವಾದವು. ಸೇತುವೆಯಾಚೆ ಬ್ಲಾಂದೀನಳ ಚೀಸ್ ಅಂಗಡಿ. ಇಪ್ಪತ್ತು ವರ್ಷದ ಹಿಂದೆ ಅವಳ ಮದುವೆ ಮಾಡಿಸಿದ್ದವನೂ ಅನ್ಸೆಲ್ಮನೇ, ಅದೇ ಹತ್ತರಲ್ಲಿ ನಾಲ್ಕು ಹೇಳಿ. ಆರು ವರ್ಷಕ್ಕೆ ಅವಳು ಆ ನಾಲ್ಕರಲ್ಲಿ ಒಂದಾದಳು. ಅವಳ ಅಂಗಡಿಯಲ್ಲಿ ಪ್ರತಿ ಗುರುವಾರ ಅವನು ಮೊದಲು ಕಾಲು ಕಿಲೋ ಕೊಳ್ಳುತ್ತಿದ್ದ, ಆಮೇಲೆ ಅರ್ಧ, ಆಮೇಲೆ ಒಂದು.

"ಒಂಟಿ ಗಂಡಸು ವಾರಕ್ಕೆ ಒಂದು ಕಿಲೋ ಚೀಸ್ ತಿನ್ನಲ್ಲ ಕಣೋ" ಎಂದ ಗಾಸ್ತೋನ್. "ಇದನ್ನೂ ನಿನ್ನ ಪುಸ್ತಕದಲ್ಲಿ ಬರ್ಕೋ."

ಒಂದು ಗುರುವಾರ ಅನ್ಸೆಲ್ಮ್ ಟೋಪಿ ಕೈಯಲ್ಲಿ ಹಿಡಿದು ಶುರುಮಾಡಿದ. "ಬ್ಲಾಂದೀನ್, ಅರವತ್ತು ದಾಟಿದ ಮೇಲೆ ಮೊದಲ ಸಲ ಮದುವೆಯಾಗೋ ಗಂಡಸರು ಸಾವಿರಕ್ಕೆ..."

"ಮೇಯರ್ ಸಾಹೇಬ್ರೇ, ನಿಮ್ಮ ಹಿಂದೆ ಮೂರು ಜನ ನಿಂತಿದ್ದಾರೆ. ಚೀಸ್ ಬೇಕೋ, ನಾನು ಬೇಕೋ?"

"ಎರಡೂ."

ಹಿಂದಿದ್ದ ಮೂವರೂ ಒಂದು ಹೆಜ್ಜೆ ಮುಂದೆ ಬಂದರು. ಬ್ಲಾಂದೀನ್ ಚಾಕು ಒರೆಸಿಟ್ಟು, ಕೆಳಗೆ ಬಗ್ಗಿ, ಜಿಡ್ಡು ಹಿಡಿದ ಒಂದು ದಪ್ಪ ಪುಸ್ತಕ ತೆಗೆದಳು. ಅಂಚಿನಲ್ಲೆಲ್ಲ ಪೆನ್ಸಿಲ್ ಗೆರೆ. ಅನ್ಸೆಲ್ಮ್ ಬಗ್ಗಿ ನೋಡಿದ: ತನ್ನದೇ ಪುಸ್ತಕ. ಓದಿದ್ದಾಳೆ!

"ಇನ್ನೂರ ಹನ್ನೆರಡನೇ ಪುಟ" ಎಂದು ಅವಳು ಓದಿದಳು. "'ಹೆಂಡತಿಯ ಮನೆಗೆ ಹೋಗಿ ನೆಲೆಸುವ ಗಂಡು ತನ್ನ ಹಳೆಯ ಮನೆಯ ಬೀಗದ ಕೈಯನ್ನು ಜೇಬಿನಲ್ಲಿ ಉಳಿಸಿಕೊಂಡರೆ, ಹತ್ತರಲ್ಲಿ ಎಂಟು ಮದುವೆ ನಿಲ್ಲುವುದಿಲ್ಲ.' ನಿಜಾನೋ ಸುಳ್ಳೋ?"

ಸುಳ್ಳು ಎಂದರೆ ಇಪ್ಪತ್ತು ವರ್ಷದ ದುಡಿಮೆ ಹೋಯಿತು. ನಿಜ ಎಂದರೆ ತಾತನ ಮನೆ ಹೋಯಿತು.

"ನಿಜ" ಎಂದ, ತುಂಬಾ ಸಣ್ಣ ದನಿಯಲ್ಲಿ.

"ಹೋದ ಸಲ ಹೂಂ ಅಂದ್ಬಿಟ್ಟು ಆಮೇಲೆ ಯೋಚ್ನೆ ಮಾಡಿದ್ದೆ. ಈ ಸಲ ಹಾಗಿಲ್ಲ. ಮದುವೆ ಆದ್ಮೇಲೆ ನೀವೇ ನನ್ನ ಮನೆಗೆ ಬರೋದು. ಕಚೇರಿಗೆ ಬರ್ತೀನಿ. ನಿಮ್ಮ ಜೇಬು ನೋಡ್ತೀನಿ. ಬೀಗದ ಕೈ ಇಲ್ದಿದ್ರೆ ಹೂಂ. ಇದ್ರೆ, ಬಾಗಿಲು ಹೇಗೂ ತೆರೆದಿರತ್ತಲ್ಲ, ಎದ್ದು ಬರ್ತೀನಿ. ಈಗ ಹೇಳಿ, ಯಾವ ಚೀಸ್?"

ಮದುವೆಯ ಸುದ್ದಿಯನ್ನು ಹತ್ತು ದಿನ ಕಚೇರಿಯ ಗೋಡೆಗೆ ಅಂಟಿಸಬೇಕು. ತನ್ನ ಹೆಸರಿನ ಕಾಗದವನ್ನು ಅನ್ಸೆಲ್ಮ್ ತಾನೇ ಅಂಟಿಸಿದ, ಎರಡು ಸಲ ಓರೆಯಾಗಿ. ಬ್ರೆಡ್ಡಿನಂಗಡಿಯವಳು ಕನ್ನಡಕ ಹಾಕಿಕೊಂಡು ಓದಿ, "ಇದು ನಿಜವಾದ ಮದುವೇನೋ, ಪುಸ್ತಕಕ್ಕೆ ಪ್ರಯೋಗಾನೋ?" ಎಂದಳು. ಕಾಫಿ ಅಂಗಡಿಯಲ್ಲಿ ಊರು ಹೂಂ ಪಕ್ಷ, ಊಹೂಂ ಪಕ್ಷ ಎಂದು ಎರಡಾಯಿತು. ಕುಂಟು ಮೇಜಿನಡಿಯ ಪುಸ್ತಕವನ್ನು ಎಳೆದು ತೆಗೆದು ಎಲ್ಲರೂ ಆ ಪುಟ ಓದಿದರು. ಮೇಜಿನ ಮೇಲಿದ್ದ ಕಾಫಿಯೆಲ್ಲ ಚೆಲ್ಲಿತು.

ಗಾಸ್ತೋನ್ ಉಪಮೇಯರ್. ಮೇಯರ್ ತನ್ನ ಮದುವೆಯನ್ನು ತಾನೇ ಮಾಡಿಸಿಕೊಳ್ಳುವಂತಿಲ್ಲ, ಹಾಗಾಗಿ ಕೆಲಸ ಅವನದು. ಇಪ್ಪತ್ನಾಲ್ಕು ವರ್ಷದಿಂದ ಅವನು ಕಾಯುತ್ತಿದ್ದದ್ದೂ ಇದನ್ನೇ. ಮನೆಯ ಮಾತು ಮೊದಲು ಎತ್ತಿದವನೂ ಅವನೇ: "ಊರಿಗೊಬ್ಬ ಡಾಕ್ಟರ್ ಇಲ್ಲ. ಆ ಡಾಕ್ಟರಮ್ಮ ಮೂರು ಮಕ್ಕಳ ಜೊತೆ ಬರ್ತೀನಿ, ಮನೆ ಕೊಡಿ ಅಂತ ವರ್ಷದಿಂದ ಬರೀತಿದ್ದಾಳೆ. ನೀನು ಊರಲ್ಲಿರೋ ಖಾಲಿ ಮನೆಗಳನ್ನೆಲ್ಲ ಹುಡುಕಿದೆ. ನಿನ್ನದೊಂದನ್ನ ಬಿಟ್ಟು."

"ನನ್ನ ಮನೆ ಖಾಲಿ ಎಲ್ಲಿದೆ?"

"ಶನಿವಾರದಿಂದ ಖಾಲಿ ಅಲ್ವೇನೋ?"

ಅನ್ಸೆಲ್ಮ್ ಎರಡು ದಿನ ಮನೆಯ ಕೋಣೆ, ಕಿಟಕಿಗಳನ್ನು ಎಣಿಸುತ್ತಾ ಓಡಾಡಿದ. ಮೂರನೆಯ ದಿನ ಡಾಕ್ಟರಮ್ಮನಿಗೆ ಪತ್ರ ಬರೆದು ಬೀಗದ ಕೈ ಕಳಿಸಿದ. ಟಿಪ್ಪಣಿ ಪುಸ್ತಕಗಳನ್ನೆಲ್ಲ ಕಚೇರಿಯ ಅಟ್ಟಕ್ಕೆ ಸಾಗಿಸಿದರು.

ಶನಿವಾರ ಬೆಳಿಗ್ಗೆ ಗಾಸ್ತೋನ್ ಕರೆದೊಯ್ಯಲು ಬಂದ. ಪಟ್ಟಿ ಅವನ ಹೊಟ್ಟೆಯ ಮೇಲೆ ಬಿಗಿಯಾಗಿ ಕೂತಿತ್ತು. "ನನ್ನ ಮುಂದೆ ನಿಂತಿರುವ ಹತ್ತು ಜೋಡಿಗಳಲ್ಲಿ..." ಎಂದು ಗುನುಗುತ್ತಾ ಬಂದವನು ತಟ್ಟನೆ ನಿಂತ. ಅನ್ಸೆಲ್ಮನ ಕೈ ಮತ್ತೆ ಮತ್ತೆ ಕೋಟಿನ ಜೇಬಿಗೆ ಹೋಗುತ್ತಿತ್ತು.

"ಜೇಬಲ್ಲೇನು?"

"ಕರ್ಚೀಫು."

"ಕರ್ಚೀಫು ಜೇಬನ್ನ ಹೀಗೆ ಜೋತುಬೀಳಿಸತ್ತಾ? ತೆಗಿ."

ತೆಗೆದ. ತುಕ್ಕು ಹಿಡಿದ, ಗೇಣುದ್ದದ, ತಾತನ ಕಾಲದ ಇನ್ನೊಂದು ಬೀಗದ ಕೈ.

"ಎರಡನೇದು ಕಣೋ" ಎಂದ ಅನ್ಸೆಲ್ಮ್. "ಆ ಪುಟದಲ್ಲಿ ಎರಡನೇದರ ಮಾತೇ ಇಲ್ಲ. ಅಡುಗೆಮನೆ ಕಿಟಕಿ ಸರಿಯಾಗಿ ಮುಚ್ಚಲ್ಲ. ಮಳೆ ಬಂದ್ರೆ ಆಯಮ್ಮನಿಗೆ ಹೇಗೆ ಗೊತ್ತಾಗತ್ತೆ?"

"ಮಳೆ ಬಂದ್ರೆ ನೆನೀತಾಳೆ, ಗೊತ್ತಾಗತ್ತೆ. ಹತ್ತರಲ್ಲಿ ಎಂಟರ ಕಡೆ ನಿಲ್ತೀಯೋ, ಎರಡರ ಕಡೇನೋ? ನನಗೇನು, ಎರಡಕ್ಕೂ ಭಾಷಣ ಇದೆ."

ಅನ್ಸೆಲ್ಮ್ ಆ ಕಬ್ಬಿಣವನ್ನು ಅಂಗೈಯಲ್ಲಿ ತೂಗಿದ. ಮೆಟ್ಟಿಲ ಮೇಲೆ ಪುಸ್ತಕಗಳಿದ್ದ ಜಾಗದಲ್ಲಿ ಚೌಕ ಚೌಕವಾಗಿ ಧೂಳಿಲ್ಲದ ಗುರುತು. ಬದುಕಿನಲ್ಲಿ ಮೊದಲ ಸಲ ಅವನು ಏನನ್ನೂ ಎಣಿಸಲಿಲ್ಲ. ಹೊರಗೆ ಬಂದು, ಬೀಗದ ಕೈಯನ್ನು ಬಾಗಿಲಿನ ಹೊರಮೈಯ ತೂತಿಗೆ ಸಿಕ್ಕಿಸಿದ. ಆಮೇಲೆ ಬಾಗಿಲನ್ನು ಗೋಡೆಗೆ ತಾಗುವವರೆಗೂ ತಳ್ಳಿ ತೆರೆದಿಟ್ಟ.

"ಬಾಗಿಲು ಹಾಕ್ಕೊಂಡಾದ್ರೂ ಬಾರೋ!" ಎಂದ ಗಾಸ್ತೋನ್.

"ಮದುವೆ ಮುಗಿಯೋವರೆಗೂ ಬಾಗಿಲು ತೆರೆದಿರ್ಬೇಕು. ಕಾನೂನು."

ಎರಡೂ ಜೇಬನ್ನು ಒಳಹೊರಗೆ ಮಾಡಿ ನೇತುಬಿಟ್ಟುಕೊಂಡು, ಬ್ರೆಡ್ಡಿನಂಗಡಿಯವಳು ಬಾಯಿಬಿಟ್ಟು ನೋಡುತ್ತಿದ್ದಂತೆ, ಅನ್ಸೆಲ್ಮ್ ವಿದಾಲ್ ಮೆಟ್ಟಿಲಿಳಿದು ಬೀದಿಗೆ ಬಂದ. ಹಿಂದೆ ಗಾಸ್ತೋನ್ ಏದುಸಿರು ಬಿಡುತ್ತಾ ಹೇಳಿಕೊಳ್ಳುತ್ತಿದ್ದ: "ಹತ್ತು ಜೋಡಿಗಳಲ್ಲಿ ನಾಲ್ಕು..."

"ಸ್ವಲ್ಪ ಬೇಗ ನಡಿಯೋ" ಎಂದ ಅನ್ಸೆಲ್ಮ್. "ಅವಳು ಕಾಯ್ತಿರ್ತಾಳೆ."