ಬಿತ್ತದೆ ಬಿಟ್ಟ ದಾರಿ

ನಾನು ಅಂತಾರಾಷ್ಟ್ರೀಯ ಕಾನೂನು ಕಲಿಸುತ್ತೇನೆ ಅಂದಾಗ ಸಪ್ತಾಪುರದ ನಮ್ಮ ಓಣಿಯವರು ಮೊದಮೊದಲು ಪಾಸ್‌ಪೋರ್ಟ್ ಅರ್ಜಿ ಹಿಡಿದುಕೊಂಡು ಮನೆಗೆ ಬರುತ್ತಿದ್ದರು. ಹಾಲು ಹಾಕುವ ಕಾಕಾ ಒಬ್ಬರಿಗೆ ಮಾತ್ರ ನಿಜ ತಿಳಿಯುವ ಹಟ. ದೇಶ ದೇಶಗಳ ನಡುವಿನ ಕಾನೂನು ಅಂತ ಬಿಡಿಸಿ ಹೇಳಿದೆ. 'ಪೊಲೀಸರಿಲ್ಲ, ಜೈಲಿಲ್ಲ ಅಂತೀರಿ. ಮತ್ತ ಆ ದೇಶದವ್ರು ಅದರ ಮಾತು ಯಾಕ ಕೇಳ್ತಾರ್ರಿ?' ಅಂದರು. ಇಪ್ಪತ್ತೈದು ವರ್ಷ ಪಾಠ ಮಾಡಿದ ಮೇಲೂ ಆ ಪ್ರಶ್ನೆಗೆ ನನ್ನ ಬಳಿ ಪುಸ್ತಕದ ಉತ್ತರವಿತ್ತೇ ಹೊರತು ಕಾಕಾನಿಗೆ ಹೇಳುವಂಥ ಉತ್ತರವಿರಲಿಲ್ಲ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಕೈಯಲ್ಲಿ ಕೆಂಪು ಪೆನ್ನಿದ್ದರಂತೂ ಕೇಳುವುದೇ ಬೇಡ. ನನ್ನ ಮಾರ್ಗದರ್ಶನದಲ್ಲಿ ಪಿಎಚ್.ಡಿ. ಮಾಡಿದವರೆಲ್ಲ ಆ ಪೆನ್ನಿಗೆ ಹೆದರಿದವರೇ. ಅವರಲ್ಲೊಬ್ಬಳು ಶಿರಗುಪ್ಪಿಯ ರೈತನ ಮಗಳು. ಡಬ್ಬಿಯಲ್ಲಿ ರೊಟ್ಟಿ, ಶೇಂಗಾ ಚಟ್ನಿ ನನ್ನ ಪಾಲಿನದನ್ನೂ ಸೇರಿಸಿಯೇ ತರುತ್ತಿದ್ದಳು. ಅವಳ ವಿಷಯ ರೂಢಿಯ ಕಾನೂನು. ಒಪ್ಪಂದವಿಲ್ಲ, ಸಹಿಯಿಲ್ಲ, ಆದರೂ ದೇಶಗಳು ಕೆಲವು ಪದ್ಧತಿಗಳನ್ನು ಕಾನೂನೆಂದೇ ನಡೆಸುತ್ತವೆ. ಬರೀ ಸೌಜನ್ಯಕ್ಕೆ ಮಾಡಿದ್ದು ಯಾವುದು, ಮಾಡಲೇಬೇಕೆಂದು ಮಾಡಿದ್ದು ಯಾವುದು ಎಂದು ಗುರುತಿಸುವುದೇ ಅದರಲ್ಲಿನ ಕಷ್ಟ.

ಮೊದಲ ಕರಡಿನಲ್ಲಿ ಅವಳು ಅಪ್ಪನ ಹೊಲದ ಬಗ್ಗೆ ಮೂರು ಪುಟ ಬರೆದಿದ್ದಳು. ಆ ಪುಟಗಳ ಮೇಲೆ ಕೆಂಪು ಗೀಟು ಎಳೆದೆ. 'ದೇಶಗಳ ಮಾತು ಬರಿ ಅಂದ್ರ ಹೊಲದ ಬದುವಿನ ಮಾತು ಬರದೀಯಲ್ಲ!' ಅಂದೆ. 'ಹೂಂನ್ರಿ ಮೇಡಂ' ಅಂದಳು. ಮುಂದಿನ ಕರಡಿನಲ್ಲಿ ಅದೇ ಮಾತು ಸಣ್ಣಗಾಗಿ ಅಡಿಟಿಪ್ಪಣಿಯಲ್ಲಿ ಕೂತಿತ್ತು. ಮತ್ತೆ ಗೀಟು. ಮೂರನೆಯ ಸಲ ಅದು ಕಾಣಲಿಲ್ಲ. ಖರೇ ಹೇಳಬೇಕೆಂದರೆ, ಅವಳ ಮೇಲೆ ನನಗೆ ತುಂಬ ಪ್ರೀತಿಯಿತ್ತು. ಹೊರಗಿನವರು ಹಳ್ಳಿಯ ಹುಡುಗಿ ಅಂತ ನಕ್ಕಾರು ಎಂಬ ಹೆದರಿಕೆಯಿಂದಲೇ ಅದನ್ನು ಹೊಡೆದು ಹಾಕಿದ್ದೆ.

ಮೌಖಿಕ ಪರೀಕ್ಷೆಯ ದಿನ ಅವಳ ಅಪ್ಪನೂ ಬಂದಿದ್ದರು. ಒಗೆದ ಬಿಳಿ ಟೊಪ್ಪಿಗೆ, ಕೈಯಲ್ಲಿ ನನಗೆಂದು ತಂದ ಹಸಿಕಡಲೆ ಗಿಡದ ಕಟ್ಟು. ಅವರನ್ನು ಹೊರಗಿನ ಬೆಂಚಿನ ಮೇಲೆ ಕೂಡಿಸಿ, ಮಗಳಿಗೆ ಎಲ್ಲರಿಗೂ ಹೇಳುವ ಮಾತನ್ನೇ ಹೇಳಿದೆ: 'ಪ್ರಬಂಧದಾಗ ಇಲ್ಲದ್ದು ಒಂದಕ್ಷರನೂ ಮಾತಾಡಬ್ಯಾಡ.'

ಬೇರೆ ಊರಿನಿಂದ ಬಂದಿದ್ದ ಪರೀಕ್ಷಕರು ಒಂದು ತಾಸು ಕೇಳಿದರು. ಅವಳು ಚೆನ್ನಾಗಿಯೇ ಹೇಳಿದಳು. ಕೊನೆಗೆ ಅವರು, 'ಸೌಜನ್ಯವೂ ಕಾನೂನೂ ಹೊರಗಿನಿಂದ ನೋಡಿದರೆ ಒಂದೇ ಥರ ಕಾಣುತ್ತವೆ. ಬೇರೆ ಮಾಡಿ ಹೇಗೆ ಗುರುತಿಸುತ್ತೀರಿ? ಪುಸ್ತಕ ಬೇಡ, ನೀವೇ ಕಂಡದ್ದು ಹೇಳಿ' ಅಂದರು.

ಹುಡುಗಿ ಬಾಯಿ ತೆರೆದಳು, ಮುಚ್ಚಿದಳು. ನನ್ನ ಕಡೆ ನೋಡಿದಳು. ಪರೀಕ್ಷಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. 'ಸ್ವಂತ ವಿಚಾರವೇ ಇಲ್ಲವಾದರೆ ಇದನ್ನು ಮತ್ತೆ ಬರೆಯಬೇಕಾದೀತು' ಅಂದರು. ಐದು ವರ್ಷದ ದುಡಿಮೆ ನನ್ನ ಒಂದು ಆಜ್ಞೆಯಿಂದ ಮಣ್ಣುಪಾಲಾಗುವುದರಲ್ಲಿತ್ತು. ಪರೀಕ್ಷೆ ನಡೆಯುವಾಗ ಮಾರ್ಗದರ್ಶಕರು ತುಟಿ ಬಿಚ್ಚಬಾರದೆಂದು ಊರಿಗೆಲ್ಲ ಹೇಳಿಕೊಂಡು ಬಂದವಳು ನಾನು. ಎದ್ದು ನಿಂತೆ. 'ಉತ್ತರ ಬರೆದಿದ್ದಳು ಸರ್. ಹೊಡೆದು ಹಾಕಿದವಳು ನಾನು. ತಪ್ಪು ನನ್ನದು' ಅಂದೆ. ಅವಳ ಕಡೆ ತಿರುಗಿ, 'ಹೇಳವ್ವಾ, ನಿಮ್ಮಪ್ಪನ ಹೊಲದ್ದು ಹೇಳು' ಅಂದೆ.

ಇಂಗ್ಲಿಷಿನಲ್ಲಿ ಶುರು ಮಾಡಿದವಳು ಕನ್ನಡಕ್ಕೆ ಹೊರಳಿದಳು. ಪರೀಕ್ಷಕರಿಗೆ ಕನ್ನಡ ಬರುತ್ತಿತ್ತು. ಅವಳ ಅಪ್ಪನ ಹೊಲದ ಹಿಂದೆ ಇನ್ನೊಬ್ಬರ ಹೊಲ, ಅದಕ್ಕೆ ದಾರಿಯಿಲ್ಲ. ಆ ಹೊಲದವರ ಚಕ್ಕಡಿ ಗಾಡಿ ಹೋಗಲೆಂದು ಇವಳ ಅಪ್ಪ ಪ್ರತಿ ವರ್ಷ ಅಂಚಿನಲ್ಲಿ ಒಂದು ಪಟ್ಟಿ ಬಿತ್ತದೆ ಬಿಡುತ್ತಾರೆ. ಅಜ್ಜನೂ ಬಿಡುತ್ತಿದ್ದನಂತೆ. ಕಾಗದಪತ್ರ ಏನೂ ಇಲ್ಲ.

'ಸ್ನೇಹಕ್ಕೆ ಬಿಟ್ಟದ್ದಿರಬಹುದಲ್ಲ?' ಪರೀಕ್ಷಕರು ಕೇಳಿದರು.

'ಅವರಿಗೂ ನಮ್ಮಪ್ಪಗೂ ಮಾತು ಬಿಟ್ಟು ಹನ್ನೆರಡು ವರ್ಷಾತ್ರಿ ಸರ್. ಲಗ್ನಕ್ಕ ಕರಿಯೂದಿಲ್ಲ, ಎದುರಿಗೆ ಬಂದ್ರ ಮಾರಿ ತಿರುವತಾರ. ಆದ್ರ ಬಿತ್ತೂ ಮುಂದ ಆ ಪಟ್ಟಿ ಮ್ಯಾಲೆ ನಮ್ಮ ಕೂರಿಗಿ ಒಂದು ಸಲನೂ ಹೋಗಿಲ್ರಿ.'

ಪರೀಕ್ಷಕರು ಕನ್ನಡಕ ಹಾಕಿಕೊಂಡು ಪದವಿಗೆ ಶಿಫಾರಸು ಬರೆದರು. ಒಂದೇ ತಿದ್ದುಪಡಿ: ಆ ಮೂರು ಪುಟ ವಾಪಸ್ ಸೇರಿಸಬೇಕು. ಹುಡುಗಿ ಚೀಲದಿಂದ ಆ ಪುಟಗಳನ್ನೇ ತೆಗೆದಳು, ನನ್ನ ಕೆಂಪು ಗೀಟಿನ ಸಮೇತ. ನನಗೆ ನಗುವೂ ಬಂತು, ಅಳುವೂ ಬಂತು. ಎರಡನ್ನೂ ಮುಚ್ಚಿಡಲಿಲ್ಲ.

ಹೊರಗೆ ಅವಳ ಅಪ್ಪ ಎದ್ದು ನಿಂತಿದ್ದರು. 'ಪಾಸಾದಳೇನ್ರಿ?'

'ಆದಳ್ರಿ. ನಿಮ್ಮ ಹೊಲದಾಗ ಬಿತ್ತದ ಬಿಟ್ಟ ದಾರಿ ಮ್ಯಾಲೆ ಪಾಸಾದಳು.'

ಅವರು ಮಗಳನ್ನೂ ನನ್ನನ್ನೂ ನೋಡಿದರು. 'ಅದು ನಮ್ಮೂರಾಗ ಸಣ್ಣ ಕೂಸಿಗೂ ಗೊತ್ತೈತಲ್ರಿ. ಅಷ್ಟು ತಿಳಕೊಳ್ಳಾಕ ಈಕಿಗೆ ಐದು ವರ್ಷ ಬೇಕಾತೇನ್ರಿ?'

'ಈಕಿಗಲ್ರಿ, ನನಗ' ಅಂದೆ. 'ಅದೂ ಐದಲ್ರಿ, ಇಪ್ಪತ್ತೈದು.'