ಲಕ್ಕವ್ವನಿಗೆ ಅಡವಿಟ್ಟ ಮೊಣಕಾಲು

ಅವರ ಬಲಗೈ ಹೆಬ್ಬೆರಳು ಹಿಂದಕ್ಕೆ ಬಾಗಿತ್ತು. ಅಷ್ಟು ವರ್ಷ ಜನರ ಬೆನ್ನು, ಭುಜ, ಕಾಲು ಒತ್ತಿ ಒತ್ತಿ ಅದರ ತುದಿ ಚಪ್ಪಟೆಯಾಗಿ, ಹಳೆಯ ಸೌಟಿನ ಹಾಗೆ ಅಗಲವಾಗಿಬಿಟ್ಟಿತ್ತು. ಉಗುರನ್ನು ಮಾಂಸದವರೆಗೆ ಕತ್ತರಿಸಿಕೊಂಡಿರುತ್ತಿದ್ದರು. ಎಲ್ಲಿ ನೋವು ಎಂದು ನಾನು ಬಾಯಿಬಿಡುವ ಮೊದಲೇ ಆ ಬೆರಳು ಮೊಣಕಾಲ ಚಿಪ್ಪಿನ ಪಕ್ಕ ಸರಿಯಾಗಿ ಅಲ್ಲೇ ಹೋಗಿ ಕೂರುತ್ತಿತ್ತು. ನಾನು ಹಲ್ಲು ಕಚ್ಚಿಕೊಂಡು ತಲೆಯ ಮೇಲಿನ ಫ್ಯಾನು ನೋಡುತ್ತಿದ್ದೆ.

ಮಿರಜದ ಪಕ್ಕದ ವಿಶ್ರಾಮಬಾಗದಲ್ಲಿ ಒಂದು ಔಷಧಿ ಅಂಗಡಿಯ ಹಿಂದೆ ಅವರ ಫಿಜಿಯೋಥೆರಪಿ ಕೋಣೆ. ನಾವೆಲ್ಲ ಮೇಡಂ ಎನ್ನುತ್ತಿದ್ದೆವು. ಬಂದವರೊಡನೆ ಮರಾಠಿ, ಅದೂ ಬೆಣ್ಣೆಯಂಥ ಮರಾಠಿ. "ಬಸಾ, ಬಸಾ" ಎಂದು ಕೂರಿಸಿ, ಸೊಸೆಯ ಸುದ್ದಿ, ಮೊಮ್ಮಗನ ಸುದ್ದಿ ಎಲ್ಲ ಕೇಳುವರು. ಆದರೆ ಅವರ ತವರು ಜತ್ತದ ಆಚೆಯ ಗಡಿ ಹಳ್ಳಿ. ಅಣ್ಣತಮ್ಮಂದಿರು ಈಗಲೂ ಕುರಿ ಕಾಯುತ್ತಾರೆ. ಕಾಲು ಹಿಡಿದು ಮಡಚುವ ಹೊತ್ತು ಬಂತೆಂದರೆ ಮರಾಠಿ ನಿಂತು ಆ ಹಳ್ಳಿಯ ಕನ್ನಡ ಹೊರಗೆ ಬರುತ್ತಿತ್ತು. "ಉಸರ ಬಿಡು. ಕಾಲ ನಿಂದೈತಿ, ಕೈ ನಂದೈತಿ, ಸುಮ್ನ ಯಾಕ ಬಿಗಿ ಹಿಡೀತಿ?" ಕನ್ನಡ ಬಂದರೆ ಹಿಂದೆಯೇ ನೋವೂ ಬಂತು ಎಂದು ಅಲ್ಲಿಯ ಬೆಂಚಿನ ಮೇಲೆ ಕೂತವರಿಗೆಲ್ಲ ಗೊತ್ತಿತ್ತು. ಮರಾಠಿ ಬಿಟ್ಟು ಬೇರೆ ತಿಳಿಯದ ಮುದುಕರು ಕೂಡ ಅಲ್ಲಿ ನಾಲ್ಕು ಕನ್ನಡ ಬೈಗುಳ ಕಲಿತು ಮನೆಗೆ ಹೋಗಿದ್ದಾರೆ.

ನಾನು ಬಾಸ್ಕೆಟ್‌ಬಾಲ್ ಆಡುವವಳು. ಹವ್ಯಾಸಕ್ಕಲ್ಲ, ಅದೇ ನನ್ನ ಅನ್ನ. ಪುಣೆಯ ಒಂದು ತಂಡ ವರ್ಷದ ಕರಾರು ಮಾಡಿಕೊಂಡು ಪಗಾರ ಕೊಡುತ್ತಿತ್ತು. ಆರಡಿಯ ಮೇಲೆ ಎರಡು ಬೆರಳು ಎತ್ತರ ಇದ್ದೇನೆ. ಈ ಹುಡುಗಿಗೆ ಎಲ್ಲಿಯ ವರ ಸಿಕ್ಕಾನು ಎಂದು ಮಿರಜದ ನಮ್ಮ ಓಣಿ ಕೊರಗುತ್ತಿದ್ದಾಗ ಅವ್ವ ಮಾತ್ರ, ಸಿಗದಿದ್ದರೆ ಇರಲಿ, ಆಡಲಿ ಎಂದಳು. ಮನೆ ಕಟ್ಟುವ ಗೌಂಡಿಗಳ ಕೈಕೆಳಗೆ ಬುಟ್ಟಿ ಹೊತ್ತು ನನ್ನನ್ನು ಬೆಳೆಸಿದವಳು ಅವಳು. ಆ ವರ್ಷ ಯುಗಾದಿಯ ಮುಂಚೆ ಒಂದು ಪಂದ್ಯದಲ್ಲಿ ಜಿಗಿದು ಚೆಂಡು ಹಿಡಿದೆ, ಇಳಿಯುವಾಗ ಬಲಗಾಲು ತಿರುಚಿತು. ಮೊಣಕಾಲಿನಲ್ಲಿ ಎರಡು ಎಲುಬುಗಳ ನಡುವಿನ ಮೆತ್ತೆ ಹರಿದಿತ್ತು. ನಮ್ಮ ಕಡೆ ಅದಕ್ಕೆ ಗಾದಿ ಎನ್ನುತ್ತಾರೆ. ಮಿರಜದ ಆಸ್ಪತ್ರೆಯಲ್ಲಿ ಅದನ್ನು ಹೊಲಿದರು. ತಂಡದವರು ಒಳ್ಳೆಯ ಮಾತಿನಲ್ಲೇ ಹೇಳಿದರು: ದೀಪಾವಳಿ ಆದ ಮೇಲೆ ಬಾ, ಮೊದಲಿನ ಹಾಗೆ ಜಿಗಿದು ತೋರಿಸು, ಕರಾರು ಮುಂದುವರಿಸುತ್ತೇವೆ. ಜಿಗಿಯಲಾಗದಿದ್ದರೆ ಏನು ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಹೊಲಿಗೆ ಬಿಚ್ಚಿದ ಮೇಲೆ ಅವ್ವ ನನ್ನನ್ನು ರಿಕ್ಷಾದಲ್ಲಿ ಮೇಡಂ ಹತ್ತಿರ ಕರೆತಂದಳು. ಮೇಡಂ ಕಾಲು ತಿರುಗಿಸಿ ಮುರುಗಿಸಿ ನೋಡಿ, "ಆರ ತಿಂಗಳ ಕುಕ್ಕರಗಾಲಿಲೆ ಕೂಡಂಗಿಲ್ಲ, ಮೊಣಕಾಲ ನೆಲಕ್ಕ ಊರಂಗಿಲ್ಲ" ಎಂದರು. ಅವ್ವನ ಮುಖ ಸಣ್ಣದಾಯಿತು. ಮೇಡಂ ಅದನ್ನು ಗಮನಿಸಿದರು.

"ಯಾಕ್ರಿ, ಏನಾತು?"

"ಏನಿಲ್ರಿ ಮ್ಯಾಡಮ್ಮಾರ. ಹರಕಿ ಒಂದ ಐತ್ರಿ."

ನನಗೂ ಆಗಲೇ ಗೊತ್ತಾದದ್ದು. ನನ್ನನ್ನು ಆಪರೇಷನ್‌ಗೆ ಒಳಗೆ ತಳ್ಳಿಕೊಂಡು ಹೋದಾಗ ಅವ್ವ ಬಾಗಿಲಲ್ಲಿ ನಿಂತು ನಮ್ಮ ಮೂಲ ಊರಿನ ದೇವಿ ಲಕ್ಕವ್ವನಿಗೆ ಬೇಡಿಕೊಂಡಿದ್ದಳು: ಮಗಳ ಕಾಲು ನೆಟ್ಟಗಾದರೆ ಅವಳಿಂದಲೇ ಬಾವಿಯಿಂದ ಗುಡಿಯವರೆಗೆ ದೀಡ ನಮಸ್ಕಾರ ಹಾಕಿಸುತ್ತೇನೆ. ಅಂದರೆ ನೆಲಕ್ಕೆ ಉದ್ದಕ್ಕೆ ಬೀಳಬೇಕು. ಚಾಚಿದ ಬೆರಳು ಮುಟ್ಟಿದಲ್ಲಿ ಜೊತೆಯವರು ಬೇವಿನ ಕಡ್ಡಿಯಿಂದ ಗೆರೆ ಎಳೆಯುತ್ತಾರೆ. ಎದ್ದು ಆ ಗೆರೆಯ ಮೇಲೆ ನಿಂತು ಮತ್ತೆ ಬೀಳಬೇಕು. ಗುಡಿ ಮುಟ್ಟುವವರೆಗೂ ಹೀಗೆಯೇ. ಹೊಲಿಗೆ ಹಾಕಿದ ಮೊಣಕಾಲಿಗೆ ಇದಕ್ಕಿಂತ ಕೆಟ್ಟ ಹರಕೆ ಹುಡುಕಿದರೂ ಸಿಗಲಿಕ್ಕಿಲ್ಲ.

ಮೇಡಂ ಕೈ ಒರೆಸಿಕೊಂಡು ಅವ್ವನ ಎದುರು ಕೂತರು. "ಕಾಯಿ ಒಡಸ್ತೀನಿ ಅನ್ನಬೇಕಿಲ್ಲೇನ್ರಿ? ಸೀರಿ ಉಡಸ್ತೀನಿ ಅನ್ನಬೇಕಿಲ್ಲ? ಮೊಣಕಾಲ ಉಳಸವ್ವಾ ಅಂತ ಮೊಣಕಾಲನ ಅಡಾ ಇಟ್ಟ ಬಂದೀರಲ್ಲ."

"ಆ ಹೊತ್ತಿನ್ಯಾಗ ಬ್ಯಾರೆ ಏನೂ ತೋಚಲಿಲ್ರಿ."

"ಅಕಿ ಬದಲಿ ನೀವ ಹಾಕ್ರಿ."

"ಅಕಿ ಹೆಸರ ಹೇಳೇನ್ರಿ. ನಾ ಹಾಕಿದ್ರ ದೇವರಿಗೆ ಮೋಸ ಮಾಡಿದಂಗ ಆಗತೈತಿ." ಅಷ್ಟಕ್ಕೆ ಬಿಡದೆ ಅವ್ವ ಮೆಲ್ಲಗೆ ಸೇರಿಸಿದಳು, "ಉದ್ದ ಅದಾಳ್ರಿ, ಲಗೂ ಮುಗೀತೈತಿ."

ನನಗೆ ನಗುವೂ ಬಂತು, ಸಿಟ್ಟೂ ಬಂತು. ಓದಿದವರು, ಈಗ ಅವ್ವನನ್ನು ಚೆನ್ನಾಗಿ ಝಾಡಿಸುತ್ತಾರೆ ಎಂದುಕೊಂಡೆ. ಅವರು ಹಾಗೆ ಮಾಡಲಿಲ್ಲ.

"ದಿನಾ ಗೊತ್ತ ಮಾಡಿ ಹೇಳೀರೇನು ಲಕ್ಕವ್ವಗ?"

"ಇಲ್ರಿ."

"ಹಂಗಾರ ಅಕಿ ಕಾಯ್ತಾಳ. ಅಕಿಗೂ ಅವಸರಿಲ್ಲ, ನಮಗೂ ಅವಸರಿಲ್ಲ. ನಾ ಹೇಳಿದ ದಿನಾ ಹೋಗೂನು. ಅಲ್ಲೀಮಟ ಚಿಂತಿ ಬಿಟ್ಟ ಹೊಟ್ಟಿತುಂಬ ಉಣ್ರಿ."

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಪರೇಷನ್ ಆದ ದಿನದಿಂದ ಅವಳು ಸರಿಯಾಗಿ ಊಟ ಮಾಡದೆ ಇದ್ದದ್ದಕ್ಕೆ ನನ್ನ ಕಾಲೇ ಕಾರಣ ಎಂದುಕೊಂಡಿದ್ದೆ. ಹೊಲಿದ ಕಾಲಿನಿಂದ ಹರಕೆ ತೀರುವುದು ಹೇಗೆ ಎಂಬ ಚಿಂತೆಯೇ ಅವಳಿಗೆ ಊಟ ಬಿಡಿಸಿತ್ತು.

ಮರುದಿನ ಹೋದರೆ, ಮೇಡಂ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಫರಸಿ ನೆಲದ ಮೇಲೆ ಉದ್ದಕ್ಕೆ ಮಲಗಿದ್ದರು. ದಪ್ಪನೆಯ ಹೆಂಗಸು, ವಯಸ್ಸು ಐವತ್ತು ದಾಟಿದೆ. ಏಳುವರು, ಮತ್ತೆ ಮಲಗುವರು. ನನ್ನ ಕಾಲಿಗೆ ಪೆಟ್ಟಾಗದೆ ನೆಲಕ್ಕೆ ಇಳಿಯುವುದು ಹೇಗೆ ಎಂದು ಸ್ವಂತ ಮೈಮೇಲೆ ಪರೀಕ್ಷೆ ಮಾಡುತ್ತಿದ್ದರು. "ನೋಡ, ಮೊದಲ ಕೈ. ಆಮ್ಯಾಲ ಎಡ ಮೊಣಕಾಲ. ಬಲಗಾಲ ಹಿಂದ ಜಾರಲಿ, ಅದರ ಮ್ಯಾಲ ಭಾರ ಬ್ಯಾಡ." ಕುತ್ತಿಗೆಗೆ ಪಟ್ಟಿ ಹಾಕಿಕೊಂಡು ಬೆಂಚಿನ ಮೇಲೆ ಕೂತಿದ್ದ ಒಬ್ಬ ಅಜ್ಜ, ಯಾವ ದೇವರೋ ಏನೋ ಎಂದು ತಾನೂ ಕೈ ಮುಗಿದ.

ಅಂದಿನಿಂದ ನನ್ನ ವ್ಯಾಯಾಮಗಳೆಲ್ಲ ಲಕ್ಕವ್ವನ ಲೆಕ್ಕಕ್ಕೆ ಹೋದವು. ಹಿಮ್ಮಡಿ ಎತ್ತುವುದಿರಲಿ, ಗೋಡೆಗೆ ಬೆನ್ನು ಹಚ್ಚಿ ಜಾರುವುದಿರಲಿ, "ಗುಡಿ ಇನ್ನೂ ದೂರ ಐತಿ, ಮಾಡ" ಎನ್ನುವರು. ಬಾಗಿಲು ದಾಟಿದ ಕೂಡಲೇ ದಿನವೂ ಒಂದು ಪ್ರಶ್ನೆ: "ಇವತ್ತ ಯಾವ ಕಾಲ ನೆನಪಾತು?"

"ಬಲಗಾಲರಿ."

"ಹಂಗಾರ ಇನ್ನೂ ಆರಾಮಾಗಿಲ್ಲ. ಯಾವ ಕಾಲ ಅನ್ನೂದ ಮರತೀ ಅಂದ್ರ ಆತು, ಆಮ್ಯಾಲ ಬರಬ್ಯಾಡ."

ಮಳೆಗಾಲ ಕಳೆಯಿತು. ಕೃಷ್ಣೆ ಏರಿ ಇಳಿದಳು, ನನ್ನ ಕಾಲಿನ ಬಾವೂ ಇಳಿಯಿತು. ಮಿರಜದ ಸರ್ಜನ್ ಸ್ಕ್ಯಾನ್ ನೋಡಿ, ಗಾದಿ ಚೆನ್ನಾಗಿ ಕೂಡಿದೆ, ಇನ್ನು ಆಡು ಎಂದರು. ಆದರೆ ಅಂಗಳಕ್ಕೆ ಇಳಿದರೆ ನನಗೆ ಜಿಗಿಯಲಾಗಲಿಲ್ಲ. ಜಿಗಿಯುವುದಕ್ಕಲ್ಲ, ಇಳಿಯುವುದಕ್ಕೆ ಹೆದರಿಕೆ. ಮೇಲೆ ಹೋದವಳು ಗಾಳಿಯಲ್ಲೇ ಬಲಗಾಲು ಎತ್ತಿಕೊಂಡು ಎಡಗಾಲ ಮೇಲೆ ಬೀಳುತ್ತಿದ್ದೆ. ನೋಡುವ ಕಣ್ಣಿರುವ ಯಾವ ಕೋಚ್ ಆದರೂ ಒಂದು ನಿಮಿಷದಲ್ಲಿ ಹಿಡಿಯುತ್ತಿದ್ದ. ದೀಪಾವಳಿ ಹತ್ತಿರ ಬರುತ್ತಿತ್ತು. ಒಂದು ಸಂಜೆ ಮೇಡಂ ಎದುರು ಕೂತು ಅತ್ತೇಬಿಟ್ಟೆ.

ಅವರು ಅಳಲು ಬಿಟ್ಟರು. ಆಮೇಲೆ, "ಗಾದಿ ಕೂಡೈತಿ, ಧೈರ್ಯ ಕೂಡಿಲ್ಲ. ಮಂಗಳವಾರ ಲಕ್ಕವ್ವನ ಕಡೆ ಹೋಗೂನು. ನಿಮ್ಮವ್ವಗ ಹೇಳ" ಎಂದರು.

ಹೋದೆವು. ಜಾತ್ರೆಯಿಲ್ಲ, ವಾದ್ಯವಿಲ್ಲ, ಸಾದಾ ಮಂಗಳವಾರ. ಬಾವಿಯ ನೀರು ಹೊಯ್ದುಕೊಂಡು ಒದ್ದೆ ಬಟ್ಟೆಯಲ್ಲಿ ನಿಂತೆ. ಗೆರೆ ಎಳೆಯಲು ಅವ್ವ ಮುಂದೆ ಬಂದರೆ ಮೇಡಂ ಅವಳ ಕೈಯಿಂದ ಬೇವಿನ ಕಡ್ಡಿ ಇಸಿದುಕೊಂಡರು. ಮೊದಲು ಕೈ, ಆಮೇಲೆ ಎಡ ಮೊಣಕಾಲು, ಬಲಗಾಲು ಜಾರಲಿ. ಬಿದ್ದೆ, ಎದ್ದೆ. ಸ್ವಲ್ಪ ದೂರ ಹೋದ ಮೇಲೆ ನೋಡುತ್ತೇನೆ, ಗೆರೆ ನನ್ನ ಬೆರಳಿಗಿಂತ ಒಂದು ಗೇಣು ಮುಂದೆ ಬೀಳುತ್ತಿದೆ.

"ಮ್ಯಾಡಮ್, ಗೆರಿ ಮುಂದ ಬಿದ್ದೈತ್ರಿ."

"ನಿನ್ನ ಕೈ ಉದ್ದ ಅದಾವ. ಸುಮ್ನ ಏಳ."

ಅವ್ವನೂ ನೋಡಿದಳು. ನೋಡಿ, ಬಾವಿಯ ಕಡೆ ಮುಖ ತಿರುಗಿಸಿಕೊಂಡಳು. ದೇವರ ಮುಂದೆ ಮಾತು ಬದಲಿಸಲು ಒಪ್ಪದವಳು ಆ ಗೇಣಿನ ಬಗ್ಗೆ ಇಂದಿನವರೆಗೆ ಒಂದಕ್ಷರ ಆಡಿಲ್ಲ.

ಗುಡಿಯ ಮೆಟ್ಟಿಲು ಕೈಗೆ ತಗುಲಿದಾಗ ನನಗೆ ಏದುಸಿರು. ಎದ್ದು ನಿಂತೆ. ಮೇಡಂ ದೇವಿಯನ್ನು ನೋಡುವುದು ಬಿಟ್ಟು ನನ್ನ ಕಾಲು ನೋಡುತ್ತಿದ್ದರು. ಎರಡೂ ಮೊಣಕಾಲಿಗೆ ಒಂದೇ ಸಮ ಮಣ್ಣು ಹತ್ತಿತ್ತು. ಬಲಗಾಲನ್ನು ಜಾರಿಸುವುದನ್ನು ಎಲ್ಲಿ ಬಿಟ್ಟೆನೋ ನನಗೆ ತಿಳಿಯಲಿಲ್ಲ. ಅವರು ಬಾಗಿ ಸೆರಗಿನಿಂದ ಆ ಮಣ್ಣು ಒರೆಸಿದರು. ಅಂದು ಅವ್ವ ಮೂರು ರೊಟ್ಟಿ ತಿಂದು, ವಾಪಸು ಬರುವಾಗ ಜೀಪಿನಲ್ಲಿ ಮೇಡಂ ಹೆಗಲಿಗೆ ತಲೆಯಿಟ್ಟು ಗೊರಕೆ ಹೊಡೆದಳು.

ದೀಪಾವಳಿ ಮುಗಿಸಿ ಪುಣೆಗೆ ಹೋದೆ. ಎರಡು ದಿನ ಆಡಿಸಿ ನೋಡಿದರು. ಎರಡನೆಯ ಸಂಜೆ ಕೋಚ್ ಹತ್ತಿರ ಕರೆದು, ನಾಳೆಯಿಂದ ತಂಡದ ಜೊತೆಗೇ ಅಭ್ಯಾಸಕ್ಕೆ ಬಾ ಎಂದರು. ಕರಾರು ಉಳಿಯಿತು. ಅವ್ವನಿಗೆ ಹೇಳಿ ಫೋನ್ ಇಡುವಷ್ಟರಲ್ಲಿ ಮೇಡಂ ಫೋನ್ ಬಂತು. ತಂಡದ ಸುದ್ದಿ ಅವರು ಕೇಳಲೇ ಇಲ್ಲ.

"ಜಿಗದಿಯೇನು?"

"ಜಿಗದೇನ್ರಿ. ಭಾಳ ಸಲ."

"ಯಾವ ಕಾಲ ಮ್ಯಾಲ ಇಳದಿ?"

ಯೋಚಿಸಿದೆ. ಚೆಂಡು ನೆನಪಿತ್ತು, ಎದುರಿನ ಹುಡುಗಿಯ ಮೊಣಕೈ ನೆನಪಿತ್ತು, ಕೋಚ್ ಕೂಗಿದ್ದು ನೆನಪಿತ್ತು.

"ನೆನಪಿಲ್ರಿ ಮ್ಯಾಡಮ್."



"ಆತು. ಇನ್ನ ಬರಬ್ಯಾಡ."

ಅವರು ಹೇಳಿದ್ದರಲ್ಲಿ ನಾನು ಕೇಳದೆ ಇದ್ದದ್ದು ಅದೊಂದೇ ಮಾತು. ಊರಿಗೆ ಬಂದಾಗಲೆಲ್ಲ ಅವರ ಕೋಣೆಯ ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಹೋಗುತ್ತೇನೆ. ಈಗ ಅವರ ಹೆಬ್ಬೆರಳು ಬೆಳಗಿನ ಹೊತ್ತು ಮಡಚುವುದಿಲ್ಲ. ಬಿಸಿ ಎಣ್ಣೆ ಹಚ್ಚಿ ನಾನೇ ತಿಕ್ಕಿ ಮಡಚುತ್ತೇನೆ. ಮೊದಲು ಬಹಳ ನಯವಾಗಿ ಮರಾಠಿಯಲ್ಲಿ, ಇರಲಿ, ಸಾಕು ಎನ್ನುತ್ತಾರೆ. ನಾನು ಬಿಡುವುದಿಲ್ಲ. ಇನ್ನೊಂದು ಚೂರು ಒತ್ತಿದರೆ ಕನ್ನಡ ಬರುತ್ತದೆ.