ಅಕ್ಕ ಹೇಳಿದ ಬ್ರೇಕು

ಗಿರಣಿಯ ಅಕ್ಕನಿಗೆ ಇದ್ದದ್ದು ಒಂದೇ ಆಸೆ. ತಾನು ಕೂಲಿಗೆ ನಿಂತಿರುವ ಹಿಟ್ಟಿನ ಗಿರಣಿ ತನ್ನದೇ ಆಗಬೇಕು. ವರ್ಷಗಟ್ಟಲೆ ಕಣ್ಣಿನ ರೆಪ್ಪೆಯ ಮೇಲೂ ಹಿಟ್ಟು ಹೊತ್ತು ಆ ಯಂತ್ರವನ್ನು ಪಳಗಿಸಿದ್ದಳು. ಈಗ ಯಜಮಾನನಿಗೆ ವಯಸ್ಸಾಗಿತ್ತು. ಈ ತಿಂಗಳೊಳಗೆ ಕೊಂಡರೆ ನಿನಗೆ, ಇಲ್ಲದಿದ್ದರೆ ಬೇರೆಯವರಿಗೆ ಎಂದುಬಿಟ್ಟ. ಅವಳ ಹತ್ತಿರ ಮಾರಲು ಇದ್ದದ್ದು ಸತ್ತ ಗಂಡನ ಟ್ರಾಕ್ಟರ್ ಒಂದೇ.

ನೋಡಲು ಬಂದವನು ದಿಬ್ಬದ ಮೇಲಿನ ಹೊಲದ ರೈತ. ಅವನಂಥ ಅಳೆದೂ ಸುರಿದೂ ನೋಡುವ ಆಸಾಮಿ ಇನ್ನೊಬ್ಬ ಹುಟ್ಟಬೇಕು. ಎಂಜಿನ್ ತಣ್ಣಗಿದ್ದಾಗಲೇ ಸ್ಟಾರ್ಟ್ ಮಾಡಿಸಿದ, ಹೊಗೆಯ ಬಣ್ಣ ನೋಡಿದ, ಎಣ್ಣೆಯನ್ನು ಬೆರಳಿಗೆ ಹಚ್ಚಿ ತಿಕ್ಕಿದ. ಹೊಸ ಗಾಡಿಯ ಅರ್ಧ ದುಡ್ಡೂ ಬೇಡ, ಎಂಜಿನ್ ಗಟ್ಟಿಯಾಗಿದೆ, ನೇಗಿಲು ಸಲೀಸಾಗಿ ಎತ್ತುತ್ತದೆ ಎಂದು ಒಪ್ಪಿಕೊಂಡ. ಮರುಗಳಿಗೆಗೆ ಟೈರು ಸವೆದಿದೆ, ಮಡ್‌ಗಾರ್ಡಿಗೆ ತುಕ್ಕು ಹಿಡಿದಿದೆ, ಇದರ ಬಿಡಿಭಾಗ ಹುಡುಕಿ ಹುಡುಕಿ ಸಾಯಬೇಕು ಎಂದು ಮೂಗು ಮುರಿದ.

“ಅದೆಲ್ಲ ಇರ್ಲಿ, ಬ್ರೇಕಿನ ಕಥೆ ಹೇಳಮ್ಮ. ಹಿಡಿಯಲ್ಲ ಅಂತ ಊರಿಗೆಲ್ಲ ಸಾರಿದ್ದು ನೀನೇ ತಾನೆ?”

ಸಾರಿದ್ದು ಅವಳೇ. ಗಂಡ ಕಂಠಪೂರ್ತಿ ಕುಡಿದು ಇದೇ ಗಾಡಿಯನ್ನು ಕಾಲುವೆಗೆ ಇಳಿಸಿ ಸತ್ತಿದ್ದ. ಕುಡುಕನ ಹೆಂಡತಿ ಅನ್ನಿಸಿಕೊಳ್ಳಲು ಅವಳಿಗೆ ಮನಸ್ಸಾಗಲಿಲ್ಲ. ಹಿಂದಿನ ವಾರವಷ್ಟೇ ಬ್ರೇಕು ಬಿಚ್ಚಿ ಸರಿಮಾಡಿದ್ದವನು ಅವಳ ತಮ್ಮ, ಮೆಕ್ಯಾನಿಕ್. ತಪ್ಪು ಅವನದೇ ಎಂದು ಹೆಣದ ಮುಂದೆ ಕೂತು ಒಡಹುಟ್ಟಿದವನ ತಲೆಯ ಮೇಲೆ ಗೂಬೆ ಕೂರಿಸಿದಳು. ಆಮೇಲೆ ಅವನ ಶೆಡ್ಡಿಗೆ ಒಂದು ಸೈಕಲ್ಲೂ ಬರಲಿಲ್ಲ. ಶೆಡ್ಡು ಮುಚ್ಚಿ ಇನ್ಯಾರದೋ ಅಂಗಡಿಯಲ್ಲಿ ಲಾರಿ ತೊಳೆಯತೊಡಗಿದ. ಇವಳು ತಲೆ ಎತ್ತಿಕೊಂಡೇ ಓಡಾಡಿದಳು. ಅಕ್ಕನಂತೆ ಅಕ್ಕ!

ಅಂಗಳದಲ್ಲಿ ಓಡಿಸಿದರೆ ಬ್ರೇಕು ಹಿಡಿಯಿತು. ರೈತನಿಗೆ ಸಮಾಧಾನವಿಲ್ಲ.

“ಖಾಲಿ ಗಾಡಿ ನಿಲ್ಲುತ್ತೆ ಬಿಡು. ಲೋಡು ಹೊತ್ತು ದಿಬ್ಬ ಇಳಿಯೋವಾಗ ಸೀಟಲ್ಲಿರೋದು ನನ್ನ ಮಗ.”

ಅವಳು ನೆಲ ನೋಡುತ್ತ ಹೇಳಿದಳು. “ಬ್ರೇಕು ಯಾವತ್ತೂ ಸರಿಯಾಗೇ ಇತ್ತು. ಅವರು ಕುಡಿದಿದ್ರು. ಸುಳ್ಳು ಹೇಳಿದ್ದು ನಾನು.”

ರೈತ ನಕ್ಕುಬಿಟ್ಟ. “ಅಳೋವಾಗ ದೇವರಂಥ ಗಂಡ, ಮಾರೋವಾಗ ಕುಡುಕನಾ? ಕೊನೇ ಸಲ ಬಿಚ್ಚಿದವನೇ ಬಂದು ಹೇಳ್ಲಿ. ಅವನು ಸರಿ ಅಂದ್ರೆ ಇವತ್ತೇ ತಗೋತೀನಿ.”

ಹಾಗೆಂದು ಬೈಕು ಹತ್ತಿ ಹೋಗಿ, ತಮ್ಮನನ್ನು ಹಿಂದೆ ಕೂರಿಸಿಕೊಂಡು ಬಂದ. ತಮ್ಮ ಅಕ್ಕನ ಮುಖವನ್ನೂ ನೋಡದೆ ಗಾಡಿಯ ಕೆಳಗೆ ತೂರಿದ. ಅವಳು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಪಿಸುಗುಟ್ಟಿದಳು.

“ಇದ್ದದ್ದು ಇದ್ದ ಹಾಗೆ ಹೇಳ್ಬಿಡೋ. ಇಲ್ಲದಿದ್ರೆ ಗಿರಣಿ ಕೈತಪ್ಪಿ ಹೋಗುತ್ತೆ. ನನ್ನದಾದ್ರೆ ನಿನಗೂ ಅಲ್ಲೇ ಒಂದು ಕೆಲಸ ಕೊಡ್ತೀನಿ.”

ತಪ್ಪಾಯಿತು ಎನ್ನಲು ಮಾತ್ರ ಅವಳ ನಾಲಿಗೆ ಹೊರಳಲಿಲ್ಲ.

ಅವನು ಎದ್ದು ಪೆಡಲು ಒತ್ತಿದ. ತಾನು ಕೂರಿಸಿದ್ದ ಬ್ರೇಕು ಎರಡೂ ಕಡೆ ಸಮನಾಗಿ ಹಿಡಿಯಿತು. ಅವನ ಮುಖದಲ್ಲಿ ಹೆಮ್ಮೆ ಮೂಡಿದ್ದು ಕಂಡು, ಗೆದ್ದೆ ಅಂದುಕೊಂಡಳು ಅಕ್ಕ.

“ಅಕ್ಕ ಅವತ್ತು ಹೇಳಿದ್ದೇ ನಿಜ ಯಜಮಾನ್ರೇ,” ಎಂದ ತಮ್ಮ. “ಲೋಡಿಗೆ ಇದು ಹಿಡಿಯಲ್ಲ. ಮಗನ್ನ ಇದರ ಮೇಲೆ ಕೂರಿಸ್ಬೇಡಿ.”

ರೈತ ಬೈಕಿನ ಕಡೆ ನಡೆದ. ಅವಳು ತಮ್ಮನ ಅಂಗಿ ಹಿಡಿದಳು.

“ನಿಜ ಹೇಳೋಕೆ ನಿನಗೇನಾಗಿತ್ತೋ?”

“ಹೇಳಿದ್ನಲ್ಲಕ್ಕ, ಭಾವ ಸತ್ತಾಗಲೇ. ಮನೆಮನೆಗೂ ಹೋಗಿ ಹೇಳ್ದೆ. ನಿನ್ನ ಬಾಗಿಲಿಗೂ ಬಂದಿದ್ದೆ, ನೀನು ತೆಗೀಲಿಲ್ಲ.”

ಅವಳ ಬೆರಳು ಬಿಡಿಸಿಕೊಂಡು ಅವನು ಬೈಕಿನ ಹಿಂದೆ ಕೂತು ಹೋದ. ತಿಂಗಳು ಮುಗಿಯುತ್ತಲೇ ಗಿರಣಿ ಬೇರೆಯವರ ಪಾಲಾಯಿತು. ಸತ್ತ ಗಂಡನ ಹೆಸರು ಕೆಡಿಸಿ, ಜೀವ ತೆಗೆಯುವ ಗಾಡಿ ಮಾರಲು ಹೊರಟವಳು ಎಂಬ ಮಾತು ಅಷ್ಟರಲ್ಲಿ ಊರಿಗೆಲ್ಲ ಹಬ್ಬಿದ್ದರಿಂದ, ಹೊಸ ಯಜಮಾನ ಅವಳನ್ನು ಕೂಲಿಗೂ ಇಟ್ಟುಕೊಳ್ಳಲಿಲ್ಲ.